ನಾನೂರ ಹನ್ನೆರಡರಲ್ಲಿ ಒಂದು

ಇಂಗ್ಲಿಷಿನ ‘ಆಟಮ್’ ಎಂಬ ಶಬ್ದಕ್ಕೆ ಶರದೃತುವೆಂದು ಹೇಳಿ ಮುಗಿಸುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಪಂಚಾಂಗದ ಲೆಕ್ಕಕ್ಕೆ ಇದರಲ್ಲಿ ದೋಷವಿಲ್ಲ. ಉತ್ತರದ ಶೀತಪ್ರದೇಶಗಳಲ್ಲಿ ಎಲೆಗಳು ಬಣ್ಣ ತಿರುಗುವುದು ಆಶ್ವಯುಜ ಕಾರ್ತಿಕಗಳಲ್ಲಿಯೇ. ಆದರೆ ನಮ್ಮ ಹಿಂದಿನ ಕವಿಗಳು ಕಂಡ ಶರತ್ಕಾಲದಲ್ಲಿ ಎಲೆ ಉದುರುವುದಿಲ್ಲ. ಮಳೆ ತೊಳೆದು ಬಿಟ್ಟ ಆಕಾಶ, ತಿಳಿಯಾದ ಕೊಳ, ಹಂಸ, ಬೆಳುದಿಂಗಳು, ಇಷ್ಟಿದ್ದರೆ ಅವರ ಶರತ್ತಿಗೆ ಸಾಕು. ಎಲೆಗಳ ಗೊಡವೆ ಅವರಿಗೆ ಬರುವುದು ಶಿಶಿರದಲ್ಲಿ. ಆಗಲೂ ನಮ್ಮ ಕಾಡುಗಳಲ್ಲಿ ಬಣ್ಣದ ಸಡಗರವೇನೂ ಹೆಚ್ಚಾಗಿ ಕಾಣದು. ತೇಗದ ಎಲೆ ಹಪ್ಪಳದಂತೆ ಒಣಗಿ, ಕಾಲಿಟ್ಟಲ್ಲಿ ಸದ್ದು ಮಾಡುತ್ತ ಬಿದ್ದಿರುತ್ತದೆ, ಅಷ್ಟೆ. ಊರೊಳಗಿನ ಕಾಡುಬಾದಾಮಿಯ ಮರ ಮಾತ್ರ ಇದಕ್ಕೊಂದು ಅಪವಾದ. ಉದುರುವುದಕ್ಕೆ ಮುಂಚೆ ಅದರ ಅಗಲವಾದ ಎಲೆ ಕುಂಕುಮಗೆಂಪಾಗುವುದನ್ನು ಬೆಂಗಳೂರಿನ ಬೀದಿ ಗುಡಿಸುವವರು ವರ್ಷವರ್ಷವೂ ಕಾಣುತ್ತಾರೆ. ಕ್ಯಾಮರಾ ಹಿಡಿದವರು ಅದರತ್ತ ತಿರುಗಿ ನೋಡುವುದು ಕಡಮೆ.

ಹೀಗಿರುವುದರಿಂದ, ನಮ್ಮ ಕಡೆಯವನೊಬ್ಬ ನವೆಂಬರಿನ ಮೊದಲ ವಾರದಲ್ಲಿ ಶ್ರೀನಗರಕ್ಕೆ ಹೋಗಿ ನಸೀಮ್ ಬಾಗಿನ ಚಿನಾರ್ ಮರಗಳ ಕೆಳಗೆ ನಿಂತನೆಂದರೆ ಅವನ ಬುದ್ಧಿ ಸ್ತಿಮಿತದಲ್ಲಿರುವುದು ಕಷ್ಟ. ಕಾಶ್ಮೀರಿಗಳು ಆ ಕಾಲವನ್ನು ‘ಹರುದ್’ ಎನ್ನುತ್ತಾರೆ. ಅಕ್ಟೋಬರ್ ಕೊನೆಯಿಂದ ನವೆಂಬರ್ ನಡುವಿನವರೆಗೆ ಅದರ ವೈಭವ. ಮೊಗಲರ ಕಾಲದಿಂದ ನೆರಳು ಕೊಡುತ್ತ ಬಂದ ಆ ತೋಪು ಈಗ ಕಾಶ್ಮೀರ ವಿಶ್ವವಿದ್ಯಾನಿಲಯದ ಆವರಣದಲ್ಲಿದೆ. ಹುಡುಗ ಹುಡುಗಿಯರು ಪುಸ್ತಕ ಹಿಡಿದು ಮೊಣಕಾಲೆತ್ತರದ ಎಲೆರಾಶಿಗಳ ಪಕ್ಕದಲ್ಲಿ ನಡೆದುಹೋಗುತ್ತಿರುತ್ತಾರೆ. ಹಳದಿ, ಜೇನು, ತಾಮ್ರ, ಇಟ್ಟಿಗೆಗೆಂಪು, ಕಂದು ಎಂದು ಬಣ್ಣಗಳು ಒಂದೇ ಮರದಲ್ಲಿ ಮೇಲಿಂದ ಕೆಳಗೆ ಇಳಿದು ಬಂದಿರುತ್ತವೆ. ನೋಡಿದವರ ಕೈ ತಾನಾಗಿ ಜೇಬಿನ ಫೋನಿಗೆ ಹೋಗುತ್ತದೆ.

ಇಲ್ಲೊಂದು ಸಣ್ಣ ಮಾತು. ಊರಿಗೆ ಮರಳಿದವರಲ್ಲಿ ಅನೇಕರು ತಮ್ಮ ಚಿತ್ರಗಳನ್ನು ತೋರಿಸುತ್ತ ‘ಮೇಪಲ್ ಮರ’ ಎನ್ನುವುದುಂಟು. ಎಲೆಯ ಆಕಾರ ಹಾಗೆ ಭ್ರಮೆ ಹುಟ್ಟಿಸುತ್ತದೆ, ನಿಜ. ಆದರೆ ಕೆನಡಾದ ಧ್ವಜದ ಮೇಲಿರುವ ಮೇಪಲ್ ಬೇರೆ ಕುಲದ್ದು. ಅದರಲ್ಲಿ ಎಲೆಗಳು ಕಡ್ಡಿಯ ಮೇಲೆ ಎದುರುಬದುರಾಗಿ ಜೋಡಿಯಾಗಿ ಹುಟ್ಟುತ್ತವೆ. ಚಿನಾರಿನಲ್ಲಿ ಒಂದಾದ ಮೇಲೊಂದರಂತೆ ಹುಟ್ಟುತ್ತವೆ. ಕಾಯಿಗಳು ದಾರಕ್ಕೆ ಕಟ್ಟಿದ ಗುಂಡುಗಳಂತೆ ನೇತಾಡುತ್ತವೆ. ಚಿತ್ರದ ಕೆಳಗೆ ಹೆಸರು ಬರೆಯುವ ಮೊದಲು ಇಷ್ಟನ್ನು ನೋಡಿಕೊಂಡರೆ ಮರಕ್ಕೆ ಸಲ್ಲಬೇಕಾದ ಗೌರವ ಸಂದಂತಾಗುತ್ತದೆ.

ಬಣ್ಣದ ಕಾರಣವನ್ನೂ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ, ಏಕೆಂದರೆ ಅದು ಮುಂದೆ ಬೇಕಾಗುತ್ತದೆ. ಹಗಲು ಮೊಟಕಾಗಿ ಚಳಿ ಬೀಳತೊಡಗಿದಾಗ ಮರವು ಎಲೆಯೊಳಗಿನ ಪತ್ರಹರಿತ್ತನ್ನು ಒಡೆದು, ಅದರಲ್ಲಿ ಉಪಯೋಗಕ್ಕೆ ಬರುವ ಸಾರವನ್ನು ಕೊಂಬೆಗೆ ಹಿಂದೆಗೆದುಕೊಳ್ಳುತ್ತದೆ. ಹಸಿರು ಸರಿದಾಗ ಕಾಣುವ ಹಳದಿ ಹೊಸದಾಗಿ ಬಂದುದಲ್ಲ. ಕ್ಯಾರೊಟಿನಾಯ್ಡ್‌ಗಳೆಂಬ ಆ ವರ್ಣದ್ರವ್ಯಗಳು ಬೇಸಗೆಯುದ್ದಕ್ಕೂ ಹಸಿರಿನ ಮರೆಯಲ್ಲಿ ಕುಳಿತೇ ಇದ್ದವು. ಕೆಂಪಿನ ಕಥೆ ಬೇರೆ. ಅದನ್ನು ಕೊಡುವ ಆಂಥೋಸಯನಿನ್ ಬಹುಮಟ್ಟಿಗೆ ಆ ದಿನಗಳಲ್ಲಿಯೇ ಎಲೆಯ ಸಕ್ಕರೆಯಿಂದ ಹುಟ್ಟುತ್ತದೆ. ಬಿಸಿಲಿನ ಹಗಲು, ತಣ್ಣನೆಯ ರಾತ್ರಿ ಅದಕ್ಕೆ ಅನುಕೂಲ. ಆದ್ದರಿಂದ ಒಂದು ವರ್ಷದ ಕೆಂಪು ಇನ್ನೊಂದು ವರ್ಷಕ್ಕಿಲ್ಲ, ಒಂದು ಮರದ್ದು ಪಕ್ಕದ ಮರಕ್ಕಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಧಾರವಾಡದಲ್ಲಿರುವ ನಮ್ಮ ಸೋದರಮಾವ ಮಾಧ್ಯಮಿಕ ಶಾಲೆಯೊಂದರಲ್ಲಿ ಮೂವತ್ತು ವರ್ಷ ಚಿತ್ರಕಲೆಯ ಮಾಸ್ತರರಾಗಿದ್ದು ನಿವೃತ್ತರಾದವರು. ಹೋದ ನವೆಂಬರಿನಲ್ಲಿ ಮಗಳೊಡನೆ ಕಾಶ್ಮೀರಕ್ಕೆ ಹೋಗಿ, ಐದು ದಿನದಲ್ಲಿ 412 ಚಿತ್ರಗಳನ್ನು ತೆಗೆದುಕೊಂಡು ಬಂದರು. ನಡುಮನೆಯ ಗೋಡೆಗೆ ಅವುಗಳಲ್ಲಿ ಒಂದನ್ನು ದೊಡ್ಡದು ಮಾಡಿಸಿ ಹಾಕಬೇಕು, ಅದೂ ಸಂಕ್ರಾಂತಿಯೊಳಗೆ. ಈ ಅವಸರಕ್ಕೆ ಕಾರಣವಿತ್ತು. ಅವರ ಎರಡೂ ಕಣ್ಣಿಗೆ ಪೊರೆ ಬಂದು, ಬಲಗಣ್ಣಿನದನ್ನು ಮಳೆಗಾಲದಲ್ಲಿ ತೆಗೆಸಿದ್ದಾಗಿತ್ತು. ಎಡಗಣ್ಣಿನ ಸರದಿ ಸಂಕ್ರಾಂತಿಯ ಮರುವಾರ. ಪೊರೆ ಕಟ್ಟಿದ ಕಣ್ಣಿನ ಮಸೂರವು ನೀಲಿಯ ಕಿರಣಗಳನ್ನು ತಡೆದು ಲೋಕವನ್ನೆಲ್ಲ ಹಳದಿ ಗಾಜಿನಲ್ಲಿ ಕಂಡಂತೆ ತೋರಿಸುತ್ತದೆ. ಅದು ಮೆಲ್ಲನೆ ಬರುವುದರಿಂದ ಬಂದುದೇ ತಿಳಿಯುವುದಿಲ್ಲ. ಒಂದು ಕಣ್ಣು ಬಿಡುಗಡೆಯಾದ ಮೇಲೆ ತಿಳಿಯುತ್ತದೆ. ನಿಶಾತ್ ಬಾಗಿನಲ್ಲಿ ನಿಂತು ಅವರು ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ, ಮತ್ತೆ ಇದನ್ನು ಮುಚ್ಚಿ ಅದರಿಂದ ಮರಗಳನ್ನು ನೋಡುತ್ತಿದ್ದರಂತೆ. ಎಡಗಣ್ಣಿಗೆ ಎಲೆ ಜೇನಿನ ಬಣ್ಣ, ಬಲಗಣ್ಣಿಗೆ ನಿಂಬೆಯ ಬಣ್ಣ.

“ಇಷ್ಟರಾಗ ಒಂದು ಆರಿಸಿ ಕೊಡೋ,” ಎಂದು ನನ್ನನ್ನು ಕರೆಸಿದರು. “ನನ್ನ ಕಣ್ಣು ಎರಡೂ ಒಂದ ಮಾತು ಹೇಳವಲ್ಲವು. ಇನ್ನ ಇಪ್ಪತ್ತು ದಿನಕ್ಕ ಹಳೇ ಬಣ್ಣ ಹೇಳೋ ಕಣ್ಣೂ ಹೋಗ್ತದ.”

ಚಿತ್ರ ತೆಗೆಯುವುದನ್ನು ಕಲಿಸುವ ಪುಸ್ತಕಗಳು ಬೇಕಾದಷ್ಟಿವೆ. ತೆಗೆದುದರಲ್ಲಿ ಆರಿಸುವುದನ್ನು ಕಲಿಸುವುದು ಅಪರೂಪ. ಫಿಲ್ಮಿನ ಕಾಲದಲ್ಲಿ ಆ ಶಿಕ್ಷಣ ತಾನಾಗಿ ದೊರೆಯುತ್ತಿತ್ತು. ಸುರುಳಿಯೊಂದಕ್ಕೆ 12 ಚಿತ್ರ, ಸಣ್ಣ ಕ್ಯಾಮರಾ ಆದರೆ 36. ಮರದ ಕೆಳಗೆ ನಿಂತಾಗಲೇ ಮನಸ್ಸು ಹತ್ತನ್ನು ಬಿಟ್ಟು ಹನ್ನೊಂದನೆಯದನ್ನು ಹಿಡಿಯುತ್ತಿತ್ತು. ಮೇಲೆ ಕಾಂಟ್ಯಾಕ್ಟ್ ಪ್ರತಿ ತೆಗೆದು, ಅಂಚೆಚೀಟಿಯಷ್ಟು ಚಿತ್ರಗಳನ್ನು ಭೂತಗನ್ನಡಿಯಲ್ಲಿ ನೋಡಿ, ಮೇಣದ ಪೆನ್ಸಿಲಿನಿಂದ ಗುರುತು ಹಾಕುವ ಪದ್ಧತಿ. ಈಗ ಬಿಡುವ ಕೆಲಸವನ್ನೆಲ್ಲ ಮನೆಗೆ ಬಂದ ಮೇಲೆ ಮಾಡಬೇಕು. ಮಾಡುವವರು ಯಾರು? ಚಿತ್ರಗಳು ಫೋನಿನ ಹೊಟ್ಟೆಯಲ್ಲಿ ಹಾಗೆಯೇ ಉಳಿಯುತ್ತವೆ.

ನಾವು ಊಟ ಮುಗಿಸಿ ಮಧ್ಯಾಹ್ನ ಕುಳಿತೆವು. ಅಲುಗಾಡಿದವು, ಬೆರಳು ಅಡ್ಡಬಂದವು, ಒಂದೇ ಮರದ ಆರಾರು ಪ್ರತಿಗಳು, ಇವುಗಳನ್ನು ಪಕ್ಕಕ್ಕಿಡುವಲ್ಲಿ ತಕರಾರಿರಲಿಲ್ಲ. ಒಂದು ಗಂಟೆಯಲ್ಲಿ 412 ಇದ್ದದ್ದು 90ಕ್ಕೆ ಇಳಿಯಿತು. ತೊಂದರೆ ಆರಂಭವಾದದ್ದು ಅಲ್ಲಿಂದ. ಉಳಿದವುಗಳೆಲ್ಲ ಕೆಂಪು, ಹಳದಿ, ಬಂಗಾರ. ಒಂದನ್ನು ನೋಡಿ ತಲೆದೂಗುವಷ್ಟರಲ್ಲಿ ಮುಂದಿನದು ಅದಕ್ಕಿಂತ ಕೆಂಪು. ಇಪ್ಪತ್ತು ಚಿತ್ರ ದಾಟುವುದರೊಳಗೆ ನಾಲಗೆಗೆ ಬರೀ ಹೋಳಿಗೆ ಉಣಿಸಿದಂತಾಗಿ ಕಣ್ಣು ರುಚಿಗೆಟ್ಟಿತು.

ಎಲೆಯ ಚಿತ್ರಗಳಲ್ಲಿ ಆಯ್ಕೆಗಾರನನ್ನು ಮೋಸಗೊಳಿಸುವುದು ಬಣ್ಣವೇ. ಬಣ್ಣವು ಮರದ ಸೊತ್ತು, ಚಿತ್ರದ ಗುಣವಲ್ಲ. ಚಿನಾರಿನ ಕೆಳಗೆ ಕಣ್ಣುಮುಚ್ಚಿ ಗುಂಡಿ ಒತ್ತಿದರೂ ಕೆಂಪು ಬಂದೇ ಬರುತ್ತದೆ. ಇದನ್ನರಿಯಲು ಒಂದು ಉಪಾಯವಿದೆ: ಚಿತ್ರವನ್ನು ಕಪ್ಪುಬಿಳುಪಿಗೆ ತಿರುಗಿಸಿ ನೋಡುವುದು. ಈಗಿನ ಫೋನುಗಳಲ್ಲಿ ಅದು ಒಂದು ಬೆರಳಿನ ಕೆಲಸ. ಬಣ್ಣ ಹೋದೊಡನೆ ಬೆಳಕು ಎಲ್ಲಿಂದ ಬಂದಿದೆ, ಆಕಾರಗಳು ಒಂದಕ್ಕೊಂದು ಹೇಗೆ ಕೂತಿವೆ, ಕಣ್ಣು ಎಲ್ಲಿ ನಿಲ್ಲಬೇಕು ಎಂಬುದಷ್ಟೇ ಉಳಿಯುತ್ತದೆ. ಅದೂ ಉಳಿಯದಿದ್ದರೆ ಚಿತ್ರವಿರಲಿಲ್ಲ, ಬರೀ ಮರವಿತ್ತು ಎಂದು ತಿಳಿಯಬೇಕು. ಹಿಂದಿನ ಛಾಯಾಗ್ರಾಹಕರಿಗೆ ಈ ಪರೀಕ್ಷೆ ಬೇಡದಿದ್ದರೂ ಬಂದೊದಗುತ್ತಿತ್ತು. ಬಣ್ಣದ ಫಿಲ್ಮು ನಮ್ಮಲ್ಲಿ ದುರ್ಲಭವಾಗಿದ್ದ ದಿನಗಳಲ್ಲಿ ಕೆಂಪೆಲೆಯೂ ಹಸಿರೆಲೆಯೂ ಕಾಗದದ ಮೇಲೆ ಒಂದೇ ಬೂದಿಯ ಬಣ್ಣಕ್ಕೆ ಇಳಿದುಬಿಡುತ್ತಿದ್ದವು. ಕೆಂಪನ್ನು ಬೆಳ್ಳಗೆ ಎತ್ತಿ ತೋರಿಸಬೇಕಾದರೆ ಮಸೂರಕ್ಕೆ ಕೆಂಪು ಗಾಜನ್ನೇ ತೊಡಿಸಬೇಕಾಗಿತ್ತು.

“ಬಣ್ಣ ತಗದ ಮ್ಯಾಲೆ ಏನ ಉಳೀತದ?” ಎಂದರು ಮಾಮಾ, ಸ್ವಲ್ಪ ಸಿಟ್ಟಿನಿಂದಲೇ. “ಬಣ್ಣ ನೋಡಲಿಕ್ಕಂತನ ಅಲ್ಲೀತನಕಾ ಹೋಗಿದ್ದು ನಾನು.”

ಆಕ್ಷೇಪಣೆ ನ್ಯಾಯವಾದದ್ದೇ. ಎಲಿಯಟ್ ಪೋರ್ಟರ್ ಎಂಬ ಅಮೆರಿಕದ ಛಾಯಾಗ್ರಾಹಕರು ಈ ವಾದದಲ್ಲಿ ಮಾಮನ ಕಡೆಯವರು. ವೈದ್ಯಶಿಕ್ಷಣ ಪಡೆದು, ಹಾರ್ವರ್ಡ್ ವಿಶ್ವವಿದ್ಯಾನಿಲಯದ ಕೆಲಸವನ್ನು 1939ರಲ್ಲಿ ಬಿಟ್ಟು ಕ್ಯಾಮರಾ ಹಿಡಿದವರು ಅವರು. ಗಂಭೀರ ಕಲಾವಿದನಿಗೆ ಕಪ್ಪುಬಿಳುಪೇ ಶೋಭೆ ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ ಬಣ್ಣವನ್ನೇ ಹಿಡಿದು, ನ್ಯೂ ಇಂಗ್ಲೆಂಡಿನ ಕಾಡುಗಳನ್ನು ಋತುಋತುವಿಗೂ ಚಿತ್ರಿಸಿದರು. ಥೋರೋವಿನ ವಾಕ್ಯಗಳೊಡನೆ ಆ ಚಿತ್ರಗಳನ್ನು ಸಿಯೆರಾ ಕ್ಲಬ್ಬು 1962ರಲ್ಲಿ ದೊಡ್ಡ ಗ್ರಂಥವಾಗಿ ಹೊರತಂದಿತು. ಆದರೆ ಅವರ ಎಲೆಗಳನ್ನು ನೋಡಿ: ಬೆಟ್ಟವೆಲ್ಲ ಉರಿಯುವ ದೃಶ್ಯಗಳಿಗಿಂತ ನೆಲದ ಒಂದು ಮೂಲೆ, ತೊರೆಯ ಒಂದು ಮಡು, ಕಲ್ಲಿನ ಬದಿಯ ನಾಲ್ಕು ಎಲೆ ಇವುಗಳೇ ಅವರಿಗೆ ಪ್ರಿಯ. ಬಿಸಿಲಿನ ಅಬ್ಬರಕ್ಕಿಂತ ಮಂದವಾದ ಬೆಳಕು ಅವರಿಗೆ ಇಷ್ಟ. ಕೆಂಪಿನ ಪಕ್ಕದಲ್ಲಿ ಬೂದು ಇದ್ದೇ ಇರುತ್ತದೆ. ಆದ್ದರಿಂದಲೇ ಕೆಂಪಿಗೆ ಬೆಲೆ.

ಈ ಮಾತನ್ನು ಕೇಳಿ ಮಾಮಾ ತಮ್ಮ ಚಿತ್ರಗಳನ್ನು ಮತ್ತೆ ಮೊದಲಿಂದ ತಿರುವಿದರು. ಬಿಸಿಲಿಗೆ ಬೆನ್ನು ಮಾಡಿ ತೆಗೆದವುಗಳಲ್ಲಿ ಎಲೆಗಳ ಮೇಣದಂಥ ಮೈ ಹೊಳೆದು, ಬಣ್ಣದ ಮೇಲೆ ಬಿಳಿಯ ಪೊರೆ ಕವಿದಂತಿತ್ತು. (ಈ ಪೊರೆಗೆ ಶಸ್ತ್ರಚಿಕಿತ್ಸೆ ಬೇಡ, ಪೋಲರೈಸರ್ ಎಂಬ ಗಾಜನ್ನು ಮಸೂರದ ಮುಂದಿಟ್ಟು ತಿರುಗಿಸಿದರೆ ಆ ಹೊಳಪು ಇಳಿಯುತ್ತದೆ, ಒದ್ದೆ ಎಲೆಗಳಲ್ಲಂತೂ ಗುಣ ಕೂಡಲೇ ಕಾಣುತ್ತದೆ.) ಬಿಸಿಲಿಗೆ ಎದುರಾಗಿ ತೆಗೆದ ಕೆಲವಲ್ಲಿ ಎಲೆ ದೀಪದಂತೆ ಬೆಳಗಿತ್ತು, ಆದರೆ ಸಿರೆಗಳೇ ಕಾಣದೆ ಕೆಂಪು ಬಣ್ಣ ಚೆಲ್ಲಿದ ಕಲೆಯಾಗಿತ್ತು. ಚಿತ್ರ ಒಟ್ಟಿನಲ್ಲಿ ಸರಿಯಾದ ಬೆಳಕಿನಲ್ಲಿದೆಯೆಂದು ಯಂತ್ರ ತಿಳಿದರೂ ಕೆಂಪಿನ ಪಾಲು ಮಾತ್ರ ತುಂಬಿ ಹೊರಚೆಲ್ಲಿರುತ್ತದೆ. ಫೋನಿನಲ್ಲಾದರೆ ಎಲೆಯ ಮೇಲೆ ಬೆರಳಿಟ್ಟು ಬೆಳಕನ್ನು ಸ್ವಲ್ಪ ಕೆಳಕ್ಕೆ ಎಳೆದು ತೆಗೆಯಬೇಕು. ಇನ್ನು ಕೆಲವು ಚಿತ್ರಗಳಲ್ಲಿ ಹಳದಿ ಪೂರ್ತಿ ಸಪ್ಪೆ. ಚೌಕಟ್ಟಿನ ತುಂಬ ಹಳದಿಯೇ ಇದ್ದರೆ ಯಂತ್ರವು ಬೆಳಕೇ ಹಳದಿಯೆಂದು ಬಗೆದು ಅದನ್ನು ‘ತಿದ್ದಿ’ಬಿಡುತ್ತದೆ. ಕ್ಯಾಮರಾಗಳಲ್ಲಿ ಈ ತಿದ್ದುವಿಕೆಯನ್ನು ಹಗಲಿನ ಬೆಳಕಿಗೆ ನಿಲ್ಲಿಸಿಡಬಹುದು, ನಿಲ್ಲಿಸಿಡಬೇಕು. ಒಂದು ಕಣ್ಣಿಗೆ ಜೇನು, ಒಂದು ಕಣ್ಣಿಗೆ ನಿಂಬೆ, ಇದು ಸಾಲದೆಂಬಂತೆ ಯಂತ್ರದ್ದೊಂದು ಮೂರನೆಯ ಕಣ್ಣು.

ದೀಪ ಹಚ್ಚುವ ಹೊತ್ತಿಗೆ ಮೂರು ಚಿತ್ರಗಳು ಉಳಿದವು.

ಮೊದಲನೆಯದು ಸಾಲುಮರಗಳ ಕೆಳಗೆ ಎಲೆಯ ಹಾಸು, ನಡುವೆ ಕೈ ಹಿಂದಕ್ಕೆ ಕಟ್ಟಿ ನಿಂತ ಮಾಮಾ. ಮಗಳು ತೆಗೆದದ್ದು. “ಅಪ್ಪಾ, ಇದನ್ನ ಹಾಕಿಸ್ರಿ. ಇದರಾಗ ನೀವ ಇದ್ದೀರಿ,” ಎಂದು ಆಕೆಯ ಪಟ್ಟು. ಆಕೆಯ ಮಾತಿಗೆ ಉತ್ತರ ಕೊಡುವುದು ಸುಲಭವಲ್ಲ. ಮನೆಯ ಗೋಡೆಯು ಪ್ರದರ್ಶನಶಾಲೆಯಲ್ಲ. ಅಲ್ಲಿಗೆ ಮನೆಯವರ ಮುಖ ಸಲ್ಲದೆಂದು ಹೇಳಲು ನಾವು ಯಾರು? ಆದರೂ ಚಿತ್ರದಲ್ಲಿ ಮಾಮಾ ಬೆರಳುಗುರಿನಷ್ಟು ಸಣ್ಣವರು, ಮರಗಳು ಅವರನ್ನು ಗಮನಿಸದಷ್ಟು ದೊಡ್ಡವು. ಆಲ್ಬಮ್ಮಿನಲ್ಲಿ ಅದಕ್ಕೆ ಮೊದಲ ಪುಟ ಕೊಡೋಣವೆಂದು ರಾಜಿಯಾಯಿತು.

ಎರಡನೆಯದು ನನ್ನ ಆಯ್ಕೆ. ಬೆಳಗಿನ ಹೊತ್ತು, ಇಬ್ಬರು ಹೆಂಗಸರು ಪೊರಕೆಯಿಂದ ಎಲೆಗಳನ್ನು ಒಟ್ಟುಗೂಡಿಸಿ ಚೀಲಕ್ಕೆ ತುಂಬುತ್ತಿದ್ದಾರೆ. ಹಿಂದೆ ಒಂದು ರಾಶಿಗೆ ಬೆಂಕಿ ಇಟ್ಟಿದೆ. ಹೊಗೆ ಮೇಲೆದ್ದು, ಕೊಂಬೆಗಳ ನಡುವಿನಿಂದ ಇಳಿದ ಬಿಸಿಲನ್ನು ಕೋಲುಕೋಲಾಗಿ ಮಾಡಿದೆ. ಕಾಶ್ಮೀರದಲ್ಲಿ ಹೀಗೆ ಸುಟ್ಟ ಎಲೆಗೆ ನೀರು ಚಿಮುಕಿಸಿ ಇದ್ದಲಾಗಿ ಇಟ್ಟುಕೊಂಡು, ಚಳಿಗಾಲದಲ್ಲಿ ಕಾಂಗ್ರಿಗೆ ತುಂಬುತ್ತಾರೆ. ಬೆತ್ತದ ಬುಟ್ಟಿಯಲ್ಲಿ ಕೂತ ಆ ಮಣ್ಣಿನ ಅಗ್ಗಿಷ್ಟಿಕೆಯನ್ನು ಫಿರನ್ ಎಂಬ ನಿಲುವಂಗಿಯೊಳಗೆ ಇಟ್ಟುಕೊಂಡು ತಿರುಗುತ್ತಾರೆ. ನಮಗೆ ನೋಟ, ಅವರಿಗೆ ಉರುವಲು. ಚಿತ್ರದಲ್ಲಿ ಎಲೆಯ ಬಣ್ಣ ಹೆಚ್ಚೇನೂ ಇಲ್ಲ, ಹೊಗೆ ನುಂಗಿದೆ. ಕಪ್ಪುಬಿಳುಪಿನಲ್ಲಿ ನೋಡಿದಾಗ 90ರಲ್ಲಿ ಇದಕ್ಕೆ ಸಮನಿರಲಿಲ್ಲ. ಹೆಂಗಸರನ್ನು ಕೇಳಿಯೇ ತೆಗೆದದ್ದೆಂದು ಮಾಮಾ ಹೇಳಿದರು. ಕೇಳದೆ ತೆಗೆದದ್ದಾದರೆ ನಾನು ಅದರ ಮಾತೆತ್ತುತ್ತಿರಲಿಲ್ಲ.

ಮೂರನೆಯದನ್ನು ನಾನು ಎರಡು ಬಾರಿ ಪಕ್ಕಕ್ಕೆ ಸರಿಸಿದ್ದೆ, ಮಾಮಾ ಎರಡು ಬಾರಿಯೂ ಹಿಂದಕ್ಕೆ ತಂದಿದ್ದರು. ನಿಶಾತಿನ ನೀರುಗಾಲುವೆಯ ಅಂಚು. ರಾತ್ರಿಯ ಮಳೆಗೆ ನೆನೆದ ಬೂದುಗಲ್ಲು. ಅದರ ಮೇಲೆ ಒಂದೇ ಒಂದು ಎಲೆ. ಮೋಡ ಕವಿದ ದಿನವಾದುದರಿಂದ ನೆರಳೇ ಇಲ್ಲ. ಎಲೆ ಕೆಂಪೂ ಅಲ್ಲ. ತುದಿಗಳು ಕಂದಾಗಿವೆ, ನಡುವಿನ ಮೈ ಹಳದಿ, ಸಿರೆಗಳ ಗುಂಟ ಮಾತ್ರ ಹಸಿರು ಇನ್ನೂ ಹಿಂದೆ ಸರಿಯದೆ ಉಳಿದಿದೆ.

“ಇದು ಮಾಗಲಿಕ್ಕೆ ಹತ್ತೇದ, ಮಾಗಿಲ್ಲ,” ಎಂದರು ಮಾಮಾ. “ಎಲಿ ತಗೀರಿ ಅಂದ್ರ ಹುಡುಗೂರು ಒಂದ ಬಣ್ಣ ತುಂಬಿ ಬಿಡ್ತಾವ. ಎಲಿ ಒಂದ ಬಣ್ಣದ್ದು ಎಲ್ಲಿರ್ತದ್ರೋ ಅಂತ ಮೂವತ್ತ ವರ್ಷ ಒದರಿದೆ. ಆಗ ಈ ಎಲಿ ನನ್ನ ಕೈಯಾಗ ಇದ್ದಿದ್ರ ಬಾಯಿ ಮುಚ್ಚಿ ತೋರಸ್ತಿದ್ದೆ.”

“ಕಣ್ಣಿನ ಮಾತೇನು, ಮಾಮಾ?” ಎಂದೆ.

ಅವರು ಎಡಗಣ್ಣು ಮುಚ್ಚಿದರು, ನೋಡಿದರು. ಬಲಗಣ್ಣು ಮುಚ್ಚಿದರು, ನೋಡಿದರು. “ಇದೊಂದರಾಗ ಎರಡೂ ಕಣ್ಣಿಗೆ ಹಸರು ಎಲ್ಲಿ ಮುಗೀತದ, ಹಳದಿ ಎಲ್ಲಿ ಸುರು ಆಗ್ತದ ಅನ್ನೋದು ಒಂದ ಕಡೆ ಕಾಣಸ್ತದ. ಬಣ್ಣ ಬ್ಯಾರೆ ಇರಲೊಲ್ಲದ್ಯಾಕ. ಗೆರಿ ಒಂದ.”

ನನ್ನ ಅಭಿಪ್ರಾಯವನ್ನು ನಾನು ಬದಲಿಸಲಿಲ್ಲ. ಹೊಗೆಯ ಚಿತ್ರವೇ ಮೇಲೆಂದು ಈಗಲೂ ನನ್ನ ಎಣಿಕೆ. ಆದರೆ ಅವರು ಕೊಟ್ಟಂಥ ಕಾರಣ ನನ್ನ ಬಳಿ ನನ್ನ ಚಿತ್ರಕ್ಕಿರಲಿಲ್ಲ. ಗೋಡೆಯೂ ಅವರದೇ.

ಮುದ್ರಣದ ಕಥೆ ಇನ್ನೊಂದು. ಫೋನಿನ ಚಿತ್ರ 4000ಕ್ಕೆ 3000 ಬಿಂದುಗಳದ್ದು. ಕತ್ತರಿಸದೆ ಇಟ್ಟರೆ 16ಕ್ಕೆ 12 ಅಂಗುಲದ ಪ್ರತಿಗೆ ಅಂಗುಲಕ್ಕೆ 250 ಬಿಂದು ಒದಗುತ್ತವೆ, ಗೋಡೆಗೆ ಧಾರಾಳವಾಯಿತು. ಎಲೆಯನ್ನಷ್ಟೇ ಕತ್ತರಿಸಿ ದೊಡ್ಡದು ಮಾಡುವ ಆಸೆಯನ್ನು ಬಿಡಿಸಿದೆ. ಊರಿನ ಸ್ಟುಡಿಯೋ ಒಂದಕ್ಕೆ ಕಳಿಸಿದೆವು. ಮೂರನೆಯ ದಿನ ಬಂದ ಪ್ರತಿಯಲ್ಲಿ ಎಲೆ ದಸರೆಯ ಗೊಂಬೆಯಂತೆ ಕೆಂಪಾಗಿತ್ತು. ಎಲೆ ಸಪ್ಪಗಿತ್ತು, ಸ್ವಲ್ಪ ಬಣ್ಣ ಏರಿಸಿದೆವು, ಅದಕ್ಕೆ ಬೇರೆ ಹಣವಿಲ್ಲ ಎಂದು ಅಲ್ಲಿಯವರು ಪ್ರೀತಿಯಿಂದಲೇ ಹೇಳಿದರು. ಮಾಮಾ ತಾವೇ ಹೋಗಿ ಅಲ್ಲಿಯ ಪರದೆಯ ಮುಂದೆ ಕುಳಿತು, ಕಣ್ಣು ಒಂದೊಂದಾಗಿ ಮುಚ್ಚುತ್ತ, ಏರಿಸಿದ್ದನ್ನೆಲ್ಲ ಇಳಿಸಿಸಿದರು. ಮ್ಯಾಟ್ ಕಾಗದವಾಗಲಿ ಎಂದದ್ದು ಮಾತ್ರ ನನ್ನ ಸಲಹೆ. ಕಿಟಕಿಯ ಎದುರುಗೋಡೆಯಲ್ಲಿ ಹೊಳೆಯುವ ಕಾಗದ ಕನ್ನಡಿಯಾಗಿಬಿಡುತ್ತದೆ.

ಫ್ರಾನ್ಸಿನ ಚಿತ್ರಕಾರ ಕ್ಲೋದ್ ಮೊನೆಗೆ 1923ರಲ್ಲಿ ಬಲಗಣ್ಣಿನ ಪೊರೆ ತೆಗೆದರು. ಅದಕ್ಕೆ ಹಿಂದಿನ ವರ್ಷಗಳಲ್ಲಿ ಆತ ತನ್ನ ತೋಟದ ಸೇತುವೆಯನ್ನು ಬರೆದ ಚಿತ್ರಗಳು ಕಂದು, ಕೆಂಪು, ಬೆಂಕಿ. ಪೊರೆ ಹೋದ ಮೇಲೆ ನೀಲಿ ವಿಪರೀತವಾಗಿ ಕಾಣತೊಡಗಿ, ಬಣ್ಣದ ಕನ್ನಡಕ ಹಾಕಿಕೊಂಡು ಕೆಲಸ ಮಾಡಬೇಕಾಯಿತು. ಹಳೆಯ ಕೆಲವು ಚಿತ್ರಗಳನ್ನು ತಿದ್ದಲು ಹೊರಟದ್ದೂ ಉಂಟು. ಇದನ್ನು ಹೇಳಿದಾಗ ಮಾಮಾ, “ನಂದು ಫೋಟೋ. ತಿದ್ದಲಿಕ್ಕೆ ಬರೂದಿಲ್ಲ, ಛಲೋ ಆತು,” ಎಂದರು.

ಎಡಗಣ್ಣಿನ ಕೆಲಸ ಗೊತ್ತುಮಾಡಿದ ದಿನವೇ ಸುಸೂತ್ರವಾಗಿ ಮುಗಿಯಿತು. ಎಲೆಯ ಹಳದಿ ಮೊದಲಿನಷ್ಟು ಬೆಚ್ಚಗಿಲ್ಲವೆಂದು ಪತ್ರ ಬರೆದಿದ್ದಾರೆ. ಗೆರೆ ಇದ್ದಲ್ಲಿಯೇ ಇದೆಯಂತೆ. ಉಳಿದ ಚಿತ್ರಗಳಲ್ಲಿ ನಲವತ್ತನ್ನು ಮಗಳು ಆಲ್ಬಮ್ಮಿಗೆ ಹಾಕಿಸಿದ್ದಾಳೆ. ಹೊಗೆಯ ಚಿತ್ರದ ಸಣ್ಣದೊಂದು ಪ್ರತಿಯನ್ನು ನಾನು ಕೇಳಿ ತರಿಸಿಕೊಂಡು ಮೇಜಿನ ಮೇಲೆ ಒರಗಿಸಿಟ್ಟಿದ್ದೇನೆ. ಆ ಚೀಲದಲ್ಲಿದ್ದ ಎಲೆಗಳು ಇಷ್ಟು ಹೊತ್ತಿಗೆ ಶ್ರೀನಗರದ ಯಾರದೋ ಕಾಂಗ್ರಿಯಲ್ಲಿ ಉರಿದು ಬೂದಿಯಾಗಿರಬೇಕು.